ಶ್ರಾವಣ ಮುಗಿದ ಮರುದಿನ

ನಿಜಾಮರ ಆಳ್ವಿಕೆ ಹೋಗಿ ಸುರಪುರಕ್ಕೆ ಸ್ವಾತಂತ್ರ್ಯ ಬಂದದ್ದೇ ತಡ, ನಮ್ಮ ದೊಡ್ಡ ಮನುಷ್ಯರಿಗೆಲ್ಲ ಸಣ್ಣ ಮನುಷ್ಯರನ್ನು ಉದ್ಧಾರ ಮಾಡುವ ಚಪಲ ಹತ್ತಿತು. ವಕೀಲ ಭೀಮರಾಯರು ತಮ್ಮ ಆ ಕಾಲದ ಕೆಂಪು ರೂಮಿ ಟೊಪ್ಪಿಗೆಯನ್ನು ಪೆಟ್ಟಿಗೆಯಲ್ಲಿಟ್ಟು ಖಾದಿ ಟೊಪ್ಪಿಗೆ ಏರಿಸಿದರು, ಪಾನತ್ಯಾಗ ಮಂಡಳಿ ಎಂಬುದೊಂದನ್ನು ಕಟ್ಟಿ ತಾವೇ ಅಧ್ಯಕ್ಷರಾದರು. ಸದಸ್ಯರೆಲ್ಲ ಹುಟ್ಟಿದಾಗಿನಿಂದ ಸೇಂದಿ ಹೆಂಡದ ಗಾಳಿಯೂ ತಾಕದ ಸಭ್ಯರು. ಕುಡಿಯುವವರನ್ನು ಸೇರಿಸಿಕೊಂಡರೆ ಮಂಡಳಿಯ ಮರ್ಯಾದೆ ಏನಾಗಬೇಕು, ಪಾಪ.

ಸಭೆ ಇರುತ್ತಿದ್ದುದು ಶ್ರಾವಣ ಸೋಮವಾರಗಳಂದು ಮಾತ್ರ. ಜಾಣತನ ಎಂದರೆ ಇದು. ಶ್ರಾವಣದಲ್ಲಿ ನಮ್ಮೂರ ಕುಡುಕರು ಹೇಗಿದ್ದರೂ ಕುಡಿಯುವುದಿಲ್ಲ. ಶಿವನಿಗೆ ನಡೆದುಕೊಳ್ಳುವ ಮನೆಗಳಲ್ಲಿ ಅದು ಮುತ್ತಜ್ಜಂದಿರ ಕಾಲದ ರೂಢಿ. ಸೇಂದಿಖಾನೆಯ ಮಾಲೀಕನೇ ಆ ತಿಂಗಳು ಗೋಡೆಗೆ ಸುಣ್ಣ ಬಳಿಸಿ, ಗಡಿಗೆ ತೊಳೆಸಿ, ಆರಾಮಾಗಿ ಇರುತ್ತಿದ್ದ. ಅಂಥ ತಿಂಗಳಲ್ಲಿ ಕುಡುಕರ ಕೈಗೆ ಬಿಲ್ವಪತ್ರೆ ಕೊಟ್ಟು, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿ, ಊರು ಸುಧಾರಿಸಿತು ಎಂದು ಮಂಡಳಿ ಮೇಲಿನವರಿಗೆ ವರದಿ ಕಳಿಸುತ್ತಿತ್ತು. ಆಣೆ ಎಲ್ಲಿಯವರೆಗೆ ಎಂಬುದನ್ನು ಯಾರೂ ಕೇಳುತ್ತಿರಲಿಲ್ಲ. ಮಾಡಿದವರಿಗೂ ಮಾಡಿಸಿದವರಿಗೂ ಅದು ಗೊತ್ತೇ ಇತ್ತು.

ಗೊತ್ತಿರಲಾರದವನು ದರ್ಜಿ ಹಂಪಣ್ಣ ಒಬ್ಬನೇ. ಆ ಪುಣ್ಯಾತ್ಮ ಸಭೆಯನ್ನು ನಿಜವೆಂದು ನಂಬಿದ. ನಂಬದೆ ಗತಿಯೂ ಇರಲಿಲ್ಲ. ಅವನ ಹೆಂಡತಿ ಶಿವಬಸಮ್ಮ ಅವನ ಕುಡಿತಕ್ಕೆ ಬೇಸತ್ತು ಮಗಳು ಮೌನಮ್ಮನನ್ನು ಎತ್ತಿಕೊಂಡು ತವರೂರು ರಾಮಸಮುದ್ರಕ್ಕೆ ಹೋಗಿ ಕುಳಿತಿದ್ದಳು. ಶ್ರಾವಣ ಹಿಡಿದಿದ್ದೇನೆ, ಬಾ ಎಂದು ಅವನು ಹೇಳಿಕಳಿಸಿದ್ದಕ್ಕೆ ಬಂದ ಉತ್ತರ ಇಷ್ಟೇ: ಶ್ರಾವಣದಲ್ಲಿ ಯಾರಾದರೂ ಒಳ್ಳೆಯವರೇ. ಅಮಾವಾಸ್ಯೆಯ ಮರುದಿನ ಸಂಜೆಯ ಮೋಟಾರಿಗೆ ಬರುತ್ತೇನೆ. ಬಾಯಿ ಶುದ್ಧ ಇದ್ದರೆ ಇರುತ್ತೇನೆ, ಇಲ್ಲದಿದ್ದರೆ ಮಗಳ ತೊಟ್ಟಿಲು ಎತ್ತಿಕೊಂಡು ಹೋಗುತ್ತೇನೆ, ಮತ್ತೆ ಆ ಹೊಸ್ತಿಲು ತುಳಿಯುವುದಿಲ್ಲ.

ಆ ಸಲ ಅಮಾವಾಸ್ಯೆ ಸೋಮವಾರವೇ ಬಿದ್ದಿತ್ತು, ಅಂದಿನ ಕೊನೆಯ ಸಭೆಯಲ್ಲಿ ಹಾರತುರಾಯಿ ಎಲ್ಲ ಜೋರಾಗಿತ್ತು. ಭೀಮರಾಯರು ಉರ್ದು ಅಕ್ಷರದಲ್ಲಿ ಬರೆದುಕೊಂಡ ಕನ್ನಡ ಭಾಷಣ ಓದಿದರು. ಮುಗಿದ ಮೇಲೆ ಹಂಪಣ್ಣ ಕೈ ಕಟ್ಟಿ ನಿಂತು, “ಸಾಹೇಬ್ರ, ನಾಳಿ ಎಲ್ಲಿ ಕೂಡೂದ್ರಿ?” ಎಂದ. ಸದಸ್ಯರು ನಕ್ಕರು. ಮುಂದಿನ ಶ್ರಾವಣಕ್ಕೆ ಬಾ, ಅಲ್ಲಿಯತನಕ ಹಾಲು ಕುಡಿ, ಮನಸ್ಸು ಗಟ್ಟಿ ಮಾಡಿಕೋ ಎಂದು ಅಧ್ಯಕ್ಷರು ಬುದ್ಧಿ ಹೇಳಿದರು.

ಮರುದಿನ ಹಂಪಣ್ಣ ಹಾಲು ಕುಡಿದ. ಸಂಜೆಯಾಗುತ್ತಿದ್ದಂತೆ ಸೂಜಿಗೆ ದಾರ ಹೋಗದಾಯಿತು. ಒಬ್ಬನೇ ಕೂಡಲು ಹೆದರಿಕೆ. ಆಣೆ ಮಾಡಿದವರು ಯಾರಾದರೂ ಸಿಕ್ಕರೆ ಜೊತೆಗೆ ಕುಳಿತಿರಬಹುದೆಂದು ಹುಡುಕಿಕೊಂಡು ಹೊರಟ. ಅವರೆಲ್ಲ ಸಿಗುವ ಜಾಗ ಊರಿನಲ್ಲಿ ಒಂದೇ ಇತ್ತು, ಅದಕ್ಕೆ ಆಗಷ್ಟೇ ಹೊಸ ಸುಣ್ಣವೂ ಆಗಿತ್ತು.

ಸೇಂದಿಖಾನೆಯ ಎದುರಿಗೆ ಮದೀನಾಬೀ ಮಿರ್ಚಿ ಭಜಿ ಕರಿಯುತ್ತಿದ್ದಳು. ಅವಳ ಗಂಡ ಕುಡಿದು ಕುಡಿದೇ ಸತ್ತವನು. ಬಾಗಿಲ ಕಡೆ ನಡೆದಿದ್ದ ಹಂಪಣ್ಣನ ಮುಖ ನೋಡಿ ಒಲೆಯ ಪಕ್ಕದ ಗೋಣಿತಟ್ಟನ್ನು ಕೊಡವಿ ಹಾಸಿದಳು.

“ನೀ ಒಳಗ ಹೋದ್ರ ನನಗ ವ್ಯಾಪಾರ ಆಗ್ತದ. ಆದ್ರೂ ಬ್ಯಾಡ, ಇಲ್ಲೇ ಕೂಡು.”

ಅವನು ಕುಳಿತ. ಸ್ವಲ್ಪ ಹೊತ್ತಿಗೆ ಮೀನು ಹಿಡಿಯುವ ಭಾಗಣ್ಣ ಬಂದ. ಅವನೂ ಆಣೆ ಮಾಡಿದವನೇ. ಹಂಪಣ್ಣನನ್ನು ಕಂಡು ನಾಚಿ, ಭಜಿಗೇ ಬಂದವನಂತೆ ನಟಿಸಿ, ಆಮೇಲೆ ಅವನೂ ತಟ್ಟಿನ ಮೇಲೆ ಕುಳಿತ. ಇಬ್ಬರೂ ಮಾತಾಡಿದರು. ಹೊತ್ತು ಇಳಿದರೆ ಮೈಯೆಲ್ಲ ಏನೋ ಹರಿದಾಡಿದಂತೆ ಆಗುತ್ತದೆ ಎಂದು ಒಬ್ಬ, ನನಗೂ ಅಷ್ಟೇ ಎಂದು ಇನ್ನೊಬ್ಬ. ಇಡೀ ಶ್ರಾವಣದ ಭಾಷಣಗಳಲ್ಲಿ ಈ ಮಾತು ಒಮ್ಮೆಯೂ ಬಂದಿರಲಿಲ್ಲ. ಹೇಗೆ ಬಂದೀತು? ಗೊತ್ತಿದ್ದವರನ್ನು ಕೂಡಿಸಿದ್ದು ವೇದಿಕೆಯ ಕೆಳಗೆ.

ಅದೇ ಹೊತ್ತಿಗೆ ವಕೀಲರು ಆ ದಾರಿಯಲ್ಲೇ ಹಾಯ್ದುಹೋದರು. ಸೇಂದಿಖಾನೆ ಎದುರು ಕುಳಿತ ಇಬ್ಬರನ್ನೂ ನೋಡಿ, ಇವರ ಹಣೆಬರಹವೇ ಇಷ್ಟು ಎಂದು ತಲೆಯಾಡಿಸಿ ಮುಂದೆ ಹೋದರು. ಬಂದು ಒಂದು ಭಜಿ ತಿಂದಿದ್ದರೆ ಅವರ ಗಂಟೇನು ಹೋಗುತ್ತಿತ್ತೋ ಕಾಣೆ. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮೋಟಾರು ಇಳಿದ ಶಿವಬಸಮ್ಮನಿಗೆ ಮನೆಗೆ ಕೀಲಿ ಬಿದ್ದದ್ದು ಕಂಡಿತು. ಪಕ್ಕದ ಮನೆಯ ರೇಣಮ್ಮ ಬಹಳ ಮರುಕದಿಂದ, ನಿನ್ನ ಗಂಡ ಸೇಂದಿಖಾನೆ ಹಂತೇಕ ಕುಂತಾನವ್ವ ಎಂದಳು. ಶಿವಬಸಮ್ಮ ಮಗಳನ್ನು ಬಗಲಲ್ಲಿಟ್ಟುಕೊಂಡು ದಡದಡ ನಡೆದು ಬಂದಳು. ಬೀದಿಯ ಮಂದಿಯೆಲ್ಲ ನೋಡುತ್ತಿರುವಾಗಲೇ ಬಗ್ಗಿ ಗಂಡನ ಬಾಯಿ ಮೂಸಿದಳು. ಹಸಿಮೆಣಸಿನಕಾಯಿ ಘಾಟು. ಮತ್ತೊಮ್ಮೆ ಮೂಸಿದಳು. ಹಂಪಣ್ಣ ಸಣ್ಣ ಹುಡುಗನಂತೆ ಬಾಯಿ ತೆರೆದೇ ಕುಳಿತಿದ್ದ, ಕಣ್ಣಲ್ಲಿ ನೀರು.

“ಏಳ್ರಿ, ಮನಿಗಿ ನಡೀರಿ” ಎಂದಳು, ದನಿ ಸಣ್ಣದು ಮಾಡಿ.

ಅವನು ಏಳಲಿಲ್ಲ. “ಈಗ ಎದ್ದು ನಿಂತ್ರ ಕಾಲು ಅತ್ಲಾಗೇ ಹೋಗ್ತಾವ. ಸೇಂದಿ ಅಂಗಡಿ ಮುಚ್ಚೂತನಕ ತಡಿ.”

ಶಿವಬಸಮ್ಮ ಸೇಂದಿಖಾನೆಯ ತೆರೆದ ಬಾಗಿಲನ್ನು ನೋಡಿದಳು, ಗಂಡನನ್ನು ನೋಡಿದಳು. ಆಮೇಲೆ ಮಗಳನ್ನು ಅವನ ತೊಡೆಯ ಮೇಲೆ ಕೂಡಿಸಿ, ತಾನು ಅವನಿಗೂ ಆ ಬಾಗಿಲಿಗೂ ನಡುವೆ ನೆಲದ ಮೇಲೆ ಕುಳಿತಳು.