ಹೊರಡಿ ಅಂದವರು ಕೂತಿರಬೇಕು

ಸ್ಕ್ರೀನಿನ ಮೇಲೆ ಬೆಳಗಿನಿಂದ ಒಂದೇ ಅಂಕಿ ನಿಂತಿತ್ತು. ಅಲೆಯ ಎತ್ತರ ಅರ್ಧ ಮೀಟರು. ಕಿಟಕಿಯಾಚೆ ಸಮುದ್ರ ಕಟ್ಟೆ ಹತ್ತಿ ರಸ್ತೆಗೆ ನೀರು ಚೆಲ್ಲುತ್ತಿತ್ತು.

ಬಂದರಿನ ವೈರ್‌ಲೆಸ್ ಕೋಣೆಯಲ್ಲಿ ನನ್ನದು ದಿನಗೂಲಿ ಕೆಲಸ. ಗೋಡೆಯ ಗಾರೆ ಉಪ್ಪಿಗೆ ಉದುರುತ್ತದೆ. ಕುರ್ಚಿಯ ಮುರಿದ ಕಾಲಿಗೆ ಹಗ್ಗ ಸುತ್ತಿದೆ. ಸಮುದ್ರದ ನಡುವೆ ಗಾಳಿಯಿಂದ ಕರೆಂಟು ತೆಗೆಯಬಹುದೇ ಎಂದು ತಿಳಿಯಲು ಮೂರು ದೇಶದ ವಿಜ್ಞಾನಿಗಳು ಸೇರಿ ದೂರದಲ್ಲೊಂದು ಯಂತ್ರ ತೇಲಿಬಿಟ್ಟಿದ್ದಾರೆ. ಅದು ಗಾಳಿಯ ವೇಗ, ಅಲೆಯ ಎತ್ತರ ಎರಡನ್ನೂ ಅಳೆದು ದಡಕ್ಕೆ ಕಳಿಸುತ್ತದೆ. ಕಾಗದದಲ್ಲಿ ಅದಕ್ಕೆ ಮಾರುದ್ದದ ಹೆಸರಿದೆ. ನಮ್ಮ ಬಾಯಲ್ಲಿ ಅದು ಹಳದಿ ಡಬ್ಬ.

ಡಬ್ಬ ಕೆಟ್ಟರೆ ರಿಪೇರಿಗೆ ನನ್ನ ತಮ್ಮ ಹೋಗಬೇಕು. ಅಲೆಯ ಮೇಲೆ ದೋಣಿ ಏರಿದ ಕ್ಷಣದಲ್ಲೇ ಹಾರಿ ಡಬ್ಬದ ಏಣಿ ಹಿಡಿಯಬೇಕು. ತಡವಾದರೆ ದೋಣಿ ಕೆಳಗಿಳಿದು, ಮತ್ತೆ ಎದ್ದು ಬಂದು ಡಬ್ಬಕ್ಕೆ ಗುದ್ದುತ್ತದೆ. ನಡುವೆ ಸಿಕ್ಕಿದ್ದು ನುಚ್ಚುನೂರು. ನಮ್ಮ ಗೇಟಿನಲ್ಲಿ ಕೂರುವವನಿಗೆ ಒಂದು ಕಾಲಿಲ್ಲ. ತಮ್ಮನಿಗಿಂತ ಮೊದಲು ಹಾರುತ್ತಿದ್ದವನು ಅವನೇ.

ಅಲೆ ಒಂದೂವರೆ ಮೀಟರಿಗಿಂತ ಕಡಿಮೆಯಿದ್ದರೆ ಮಾತ್ರ ದೋಣಿ ಹೋಗಬೇಕು ಎಂದು ಮೂರು ದೇಶದವರೂ ಕೂತು ನಿಯಮ ಮಾಡಿದ್ದಾರೆ. ಸ್ಕ್ರೀನ್ ನೋಡಿ ಅಂಕಿ ಓದಿ, "ಹೊರಡಿ" ಅನ್ನುವುದು ನನ್ನ ಕೆಲಸ. ದೋಣಿಯವರಿಗೆ ಇನ್ನೊಂದು ನಿಯಮವಿದೆ. ಅದನ್ನು ಯಾರೂ ಬರೆದಿಟ್ಟಿಲ್ಲ. ಹೊರಡಿ ಅಂದವರು ದೋಣಿ ಮರಳುವ ತನಕ ಕುರ್ಚಿ ಬಿಟ್ಟು ಏಳಬಾರದು. ಕಳಿಸಿದ ದನಿಯೇ ಕರೆದುಕೊಳ್ಳಬೇಕು. ಮೈ ಸುಡುವ ಜ್ವರದಲ್ಲೂ ನಾನು ಎದ್ದಿಲ್ಲ. ಒಮ್ಮೆ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಕೂತಿದ್ದೆ.

ಮಧ್ಯಾಹ್ನ ಯೋಜನೆಯ ಸಂಯೋಜಕರು ಬಂದರು. ಬೂಟಿನೊಳಗೆ ನೀರು ಹೊಕ್ಕು ಪಚಪಚ ಅನ್ನುತ್ತಿತ್ತು.

"ಏನಮ್ಮಾ, ದೋಣಿ ಇನ್ನೂ ಹೊರಟಿಲ್ವಾ? ನಾಳೆ ಬೆಳಿಗ್ಗೆ ಹೊರದೇಶದವರೆಲ್ಲಾ ಸಭೇಲಿ ಕೂತಿರ್ತಾರೆ. ಅವರ ಮುಂದೆ ಗಾಳಿ ಲೆಕ್ಕ ಬರಬೇಕು. ಬರದಿದ್ರೆ ಹೊಸ ಒಪ್ಪಂದ ಇಲ್ಲ."

"ಹೊರಗೆ ಒಂದ್ಸಲ ನೋಡಿ ಸಾರ್."

"ಕಿಟಕಿ ನೋಡೋದಕ್ಕಾ ನಿನ್ನ ಇಟ್ಟಿರೋದು? ಸ್ಕ್ರೀನಲ್ಲಿ ಏನಿದೆ?"

"ಅರ್ಧ ಮೀಟರು ಅಂತಿದೆ. ಬೆಳಗಿಂದ ಅದೇ ಇದೆ. ಡಬ್ಬ ಕೆಟ್ಟಿದೆ ಅಂತ ತಾನೇ ದೋಣಿ ಕಳಿಸ್ತಿರೋದು? ಕೆಟ್ಟ ಡಬ್ಬ ಹೇಳಿದ್ದನ್ನ ನಂಬೋದು ಹೇಗೆ ಸಾರ್?"

"ಕೆಟ್ಟಿರೋದು ಗಾಳಿ ಅಳೆಯೋ ಭಾಗ. ಅಲೆ ಅಳೆಯೋದು ಸರಿಯಾಗೇ ಇದೆ. ಅಂಕಿ ಬದಲಾಗಿಲ್ಲ ಅಂದ್ರೆ ಸಮುದ್ರ ಶಾಂತವಾಗಿದೆ ಅಂತ ಅರ್ಥ."

ಅಷ್ಟರಲ್ಲಿ ಅಲೆಯೊಂದು ಕಟ್ಟೆ ಹಾರಿ ಬಂದು ಕಿಟಕಿಗೆ ಬಡಿಯಿತು. ಅವರು ಬೆಚ್ಚಿ ಗೋಡೆಗೆ ಒತ್ತಿಕೊಂಡರು. ಕನ್ನಡಕ ಒರೆಸಿಕೊಂಡರು. ಅವರಿಗೆ ಎಲ್ಲ ಗೊತ್ತು ಎಂದು ನನಗೆ ಆಗಲೇ ತಿಳಿಯಿತು. ಗೊತ್ತಿಲ್ಲದವರಿಗೆ ತಿಳಿಸಿ ಹೇಳಬಹುದು. ಇವರಿಗೆ ಏನೆಂದು ಹೇಳಲಿ?

ಅವರು ದನಿ ತಗ್ಗಿಸಿದರು. "ನಿಯಮದ ಪ್ರಕಾರ ಅಂಕಿ ಇದೆಯಲ್ಲಮ್ಮಾ. ನಾಳೆ ಏನೇ ಆದ್ರೂ ನಮ್ಮ ತಲೆ ಮೇಲೆ ಬರಲ್ಲ."

ಆ 'ನಮ್ಮ' ಅನ್ನುವುದರಲ್ಲಿ ನನ್ನ ತಮ್ಮ ಇರಲಿಲ್ಲ.

ವೈರ್‌ಲೆಸ್ ಗರಗರ ಅಂತು. ಅವನೇ.

"ಅಕ್ಕಾ, ಏನ್ ಮಾಡೋಣ? ಹಗ್ಗ ಬಿಚ್ಚೋದಾ? ಮೀಸೆಯಣ್ಣ ಆಗಿಂದ ಎಂಜಿನ್ ಹಾಕ್ಕೊಂಡು ಕೂತಿದಾನೆ."

ಮೀಸೆಯಣ್ಣ ದೋಣಿ ನಡೆಸುವವನು. ಅವನಿಗೆ ಮೀಸೆಯೇ ಇಲ್ಲ. ಅದಕ್ಕೇ ಆ ಹೆಸರು.

"ಊಟ ಮಾಡಿದ್ಯೇನೋ?" ಅಂದೆ. ಬೇರೇನೂ ತೋಚಲಿಲ್ಲ.

"ಹಸಿವಿಲ್ಲ ಅಕ್ಕಾ."

ಸಣ್ಣವನಿದ್ದಾಗಿನಿಂದ ಅವನು ಹೀಗೇ. ಹೆದರಿದರೆ ಹೆದರಿಕೆ ಅನ್ನುವುದಿಲ್ಲ, ಹಸಿವಿಲ್ಲ ಅನ್ನುತ್ತಾನೆ. ಅಪ್ಪ ಸಮುದ್ರದಿಂದ ಬಾರದೆ ಹೋದಾಗ ಎಷ್ಟೋ ದಿನ ಇವನಿಗೆ ಹಸಿವಾಗಿರಲಿಲ್ಲ.

"ಅಂಕಿ ಓದು," ಅಂದರು ಸಂಯೋಜಕರು. "ಇಲ್ಲಾಂದ್ರೆ ನಾಳೆ ಈ ಕುರ್ಚೀಲಿ ಬೇರೆಯವರು ಇರ್ತಾರೆ."

ಮೈಕಿನ ಗುಂಡಿ ಒತ್ತಿದೆ. ಮಗಳ ಮುಖ ಕಣ್ಣಿಗೆ ಬಂತು, ಗೇಟಿನವನ ಮಡಚಿದ ಪ್ಯಾಂಟಿನ ಕಾಲು ಕಣ್ಣಿಗೆ ಬಂತು. ಅಷ್ಟು ಹೆದರಿಕೆ ನನಗೆ ಯಾವತ್ತೂ ಆಗಿರಲಿಲ್ಲ.

"ಕೇಳ್ರೋ," ಅಂದೆ. "ಸ್ಕ್ರೀನಲ್ಲಿ ಅರ್ಧ ಮೀಟರು ಇದೆ. ಕಿಟಕೀಲಿ ರಸ್ತೆ ಮೇಲೆ ನೀರಿದೆ. ನಾನು ಹೊರಡಿ ಅನ್ನಲ್ಲ."

ಸಂಯೋಜಕರು ಮೈಕು ಕಿತ್ತುಕೊಂಡರು. "ಸಂಯೋಜಕ ಮಾತಾಡ್ತಿರೋದು. ಅಲೆ ಅರ್ಧ ಮೀಟರು. ನಾನು ಹೇಳ್ತಿದೀನಿ, ಹೊರಡಿ."

ವೈರ್‌ಲೆಸ್‌ನಲ್ಲಿ ಬರೀ ಎಂಜಿನ್ ಸದ್ದು. ಹೊರಟೇಬಿಟ್ಟರು ಅಂದುಕೊಂಡೆ.

ಆಮೇಲೆ ಮೀಸೆಯಣ್ಣನ ದನಿ ಕೇಳಿತು. "ಆಯ್ತು ಸಾರ್. ನಾವು ವಾಪಸ್ ಬರೋ ತನಕ ನೀವು ಅಲ್ಲೇ ಕೂತಿರ್ತೀರಲ್ಲ?"

"ನಾನು ಯಾಕೆ? ರಾತ್ರಿ ಅತಿಥಿಗಳಿಗೆ ಊಟ ಇದೆ. ನಿಮ್ಮಕ್ಕ ಕೂತಿರ್ತಾಳೆ."

"ಅಕ್ಕ ಹೊರಡಿ ಅಂದಿಲ್ಲವಲ್ಲ ಸಾರ್."

ಎಂಜಿನ್ ನಿಂತಿತು.

ಸಂಯೋಜಕರ ಮುಖ ಕೆಂಪಾಯಿತು. "ಬೇರೆ ದೋಣಿ ಕರೀತೀನಿ! ಯಾರಿದೀರಿ ಅಲ್ಲಿ?"

ಬಂದರಿನ ದೋಣಿಗಳೆಲ್ಲ ಕೇಳುವುದು ಒಂದೇ ವೈರ್‌ಲೆಸ್. ಅಷ್ಟು ಹೊತ್ತು ಎಲ್ಲರೂ ಇದನ್ನೆಲ್ಲ ಕೇಳುತ್ತಿದ್ದರು. ಈಗ ಒಬ್ಬ ಕೆಮ್ಮಿದ. "ನೀವು ಕೂತಿರ್ತೀರಾ ಸಾರ್?" ಇನ್ನೊಬ್ಬ ಅದನ್ನೇ ಕೇಳಿದ. ಅವನ ಹಿಂದೆ ಮತ್ತೊಬ್ಬ. ಯಾರೂ ದನಿ ಏರಿಸಲಿಲ್ಲ. ಸಂಯೋಜಕರು ಮೈಕನ್ನು ಮೇಜಿನ ಮೇಲೆ ಕುಕ್ಕಿದರು.

"ನಾಳೆಯಿಂದ ನೀನು ಬರಬೇಡ," ಅಂದರು. ಪಚಪಚ ಅನ್ನುತ್ತಾ ಮೆಟ್ಟಿಲಿಳಿದು ಹೋದರು.

ನಾನು ಕುರ್ಚಿ ಬಿಟ್ಟು ಏಳಲಿಲ್ಲ. ನಾಳೆ ಇಲ್ಲಿ ಯಾರನ್ನು ಕೂರಿಸುತ್ತಾರೋ, ಅವರ ತಮ್ಮ ದೋಣಿಯಲ್ಲಿ ಇರುವುದಿಲ್ಲವಲ್ಲ ಎಂಬ ಭಯ ಬಿಡಲಿಲ್ಲ. ಸ್ಕ್ರೀನಿನಲ್ಲಿ ಇನ್ನೂ ಅದೇ ಅರ್ಧ ಮೀಟರು.

"ಅಕ್ಕಾ, ನಾಳೆ ಅಲ್ಲಿ ಬೇರೆಯವರು ಕೂತ್ರೂ ನಾವು ಇದನ್ನೇ ಕೇಳ್ತೀವಿ," ಅಂದ ಮೀಸೆಯಣ್ಣ. "ದಿನಾ ಕೇಳ್ತೀವಿ."

ಗರಗರ ಸದ್ದಿನ ನಡುವೆ ತಮ್ಮನ ದನಿ ಬಂತು.

"ಅಕ್ಕಾ, ಇದೀಯಾ?"

"ಇದೀನಿ ಕಣೋ. ಇಲ್ಲೇ ಇದೀನಿ."

"ಹಸಿವಾಗ್ತಿದೆ."