ಕೋವಿಯ ಕೆಳಗಿನ ಕಾಗದ

ಕೋಣೆಯ ಬಾಗಿಲ ಮೇಲೆ ಮೂರು ಬಡಿತ ಬಿದ್ದವು.

ಯಮುನ ಏಳಲಿಲ್ಲ. ಗಂಡ ಉದಯನೇ ಇರಬೇಕು. ಜಗಲಿಯ ಚಳಿಗೆ ಸಿಟ್ಟು ಇಳಿದಿರಬೇಕು. ನಿಲ್ಲಲಿ ಇನ್ನಷ್ಟು ಹೊತ್ತು.

ಸಂಜೆ ಅವಳೇ ಅವನನ್ನು ಜಗಲಿಗೆ ಅಟ್ಟಿದ್ದಳು. ಆರು ವರ್ಷ ಬಾಂಡಲೆಯಲ್ಲಿ ಕಾಫಿಬೀಜ ಹುರಿದು, ಸಂಪಾಜೆಯ ರಸ್ತೆಬದಿಯಲ್ಲಿ ಪುಡಿ ಮಾರಿ, ಕೊನೆಗೂ ಟರ್ಕಿಯಿಂದ ತರಿಸಿದ ಹುರಿಯುವ ಯಂತ್ರ ಬೆಂಗಳೂರಿನ ಒಣ ಬಂದರಿನಲ್ಲಿ ನಿಂತಿತ್ತು. ಹಡಗಿನಿಂದಿಳಿದ ಸರಕು ರೈಲೇರಿ ಬಂದು ತಂಗುವ, ಸಮುದ್ರವಿಲ್ಲದ ಬಂದರು ಅದು. ಬಿಡಿಸಿಕೊಳ್ಳಲು ಹಡಗು ಕಂಪನಿಯ ಮೂಲ ಪತ್ರ ಬೇಕು. ಆ ಪತ್ರ ಕಪಾಟಿನಿಂದ ಮಾಯವಾಗಿ ನಾಲ್ಕು ದಿನವಾಗಿತ್ತು.

"ಅಕ್ಕ, ನಾಳೆ ಸಂಜೆ ಐದರೊಳಗೆ ಒರಿಜಿನಲ್ ನನ್ನ ಕೈಲಿರ್ಬೇಕು," ಎಂದು ಸರಕು ಬಿಡಿಸಿಕೊಡುವ ಏಜೆಂಟ್ ಕೀರ್ತಿಕುಮಾರ್ ಫೋನಿನಲ್ಲಿ ಎಚ್ಚರಿಸಿದ್ದ. "ನಾಡಿದ್ದಿನಿಂದ ಬಂದರಿನ ದಿನಬಾಡಿಗೆ ದುಪ್ಪಟ್ಟು. ಆಮೇಲೆ ಮಿಷನ್ನಿಗಿಂತ ಅದು ನಿಂತ ನೆಲವೇ ತುಟ್ಟಿ. ಬಿಟ್ಟುಬಿಡ್ಬೇಕಷ್ಟೆ."

ಫೋನಿಟ್ಟವಳು ಗಂಡನತ್ತ ತಿರುಗಿದ್ದಳು. "ಮೊದಲಿಂದ ಬೇಡ ಅಂದವರು ನೀವೇ. ಎಲ್ಲಿ ಅಡಗಿಸಿದ್ದೀರಿ?"

"ಅಷ್ಟು ದೊಡ್ಡದು ಬೇಡ ಅಂದೆ. ಕಾಗದ ನಂಗೆ ಗೊತ್ತಿಲ್ಲೆ, ಯಮುನ."

"ಹಾಗಾದ್ರೆ ಕಾಗದಕ್ಕೆ ಕಾಲು ಬಂತಾ?"

ಅಡುಗೆಮನೆಯಿಂದ ಅತ್ತೆ ಬೊಳ್ಳಮ್ಮ ಎಂದಿನಂತೆ ಕುಟುಕಿದ್ದರು: "ನಮ್ಮ ಬಾಂಡಲೆಗೆ ಏನು ರೋಗ ಬಂದಿತ್ತು? ಟರ್ಕಿ ಸೊಸೆ ಬರ್ತಾಳಂತೆ, ದಿನಬಾಡಿಗೆ ಕೊಟ್ಟು ಕರ್ಕೊಂಡು ಬರ್ಬೇಕಂತೆ!"

ಆದರೆ ಯಂತ್ರವನ್ನೇ ಬಿಡಬೇಕಾದೀತೆಂದು ಯಮುನ ಅತ್ತಾಗ ಆ ದನಿಯೂ ಅಡಗಿತ್ತು.

ಮತ್ತೆ ಬಡಿತ. ಈ ಸಲ ಮೆಲ್ಲಗೆ, ಅಂಜಿದಂತೆ.

ಅವಳು ಚಿಲಕ ಸರಿಸಿದಳು. ಹೊರಗೆ ಯಾರೂ ಇರಲಿಲ್ಲ. ಹೊಸ್ತಿಲ ಮೇಲೆ ಒಂದು ಲಕೋಟೆ. ಒಳಗೆ ಮೂಲ ಪತ್ರ! ಅದರ ಮೂಲೆಗೆ ಗಂಧದ ಬೊಟ್ಟು, ಮಡಿಕೆಯಲ್ಲಿ ನಾಲ್ಕು ಅಕ್ಷತೆ ಕಾಳು, ಜೊತೆಗೊಂದು ತೋಕ್‌ಪೂ. ಕೊಡಗಿನಲ್ಲಿ ಆಯುಧ, ಸಲಕರಣೆಗಳನ್ನು ಪೂಜಿಸುವ ಕೈಲ್ ಮುಹೂರ್ತದ ಹಬ್ಬಕ್ಕೆ ಕೋವಿಯ ನಳಿಗೆಗೆ ಸಿಕ್ಕಿಸುವ ಹೂವು ಅದು.

ಯಮುನ ದೇವರ ಕೋಣೆಗೆ ಓಡಿದಳು. ಹಬ್ಬ ನಾಡಿದ್ದು. ಈ ಮನೆಯಲ್ಲಿ ಕೋವಿ, ಕತ್ತಿ, ಗುದ್ದಲಿಗಳನ್ನು ಒಂದು ವಾರ ಮೊದಲೇ ತೊಳೆದು ಅಲ್ಲಿಡುತ್ತಾರೆ. ಪೂಜೆಯಾಗುವ ತನಕ ಯಾರೂ ಮುಟ್ಟುವಂತಿಲ್ಲ. ಅವಳು ಹುಡುಕದೆ ಬಿಟ್ಟ ಜಾಗ ಅದೊಂದೇ. ಈಗ ಕೋವಿ ಓರೆಯಾಗಿತ್ತು. ಅದರ ಕೆಳಗೆ, ಚೆಲ್ಲಿದ ಅಕ್ಷತೆಯ ನಡುವೆ, ಲಕೋಟೆಯಷ್ಟೇ ಅಗಲದ ಖಾಲಿ ಜಾಗ.

ಅವಳು ಜಗಲಿಗೆ ಹೋಗಿ, ಗೊರಕೆ ಹೊಡೆಯುತ್ತಿದ್ದ ಉದಯನ ಭುಜ ಅಲುಗಿಸಿದಳು. "ಏಳಿ. ತಪ್ಪಾಯ್ತು ನಂದು."

ಅವನು ಕಣ್ಣುಜ್ಜಿಕೊಂಡು ಕಾಗದ ನೋಡಿದ, ಹೂ ನೋಡಿದ. "ನಾನು ನಿಂಗೆ ಯಾವತ್ತಾದ್ರೂ ಹೂ ಕೊಟ್ಟದ್ದುಂಟಾ, ಮಾರಾಯ್ತಿ? ಅಷ್ಟಾದ್ರೂ ಯೋಚಿಸ್ಬೇಕಿತ್ತು." ನಗುತ್ತಲೇ ಅಂಗಿ ಹುಡುಕಿದ. "ಮೊದಲ ಬಸ್ಸಿಗೆ ಹೊರಟ್ರೆ ಐದಕ್ಕೆ ಮೊದಲೇ ಮುಟ್ತೇನೆ."

ಲಕೋಟೆಯಿಂದ ಮಂಡಿನೋವಿನ ಎಣ್ಣೆಯ ವಾಸನೆ ಬರುತ್ತಿತ್ತು. ಯಮುನ ಆ ವಾಸನೆಯ ಜಾಡು ಹಿಡಿದು ಒಳಕೋಣೆಗೆ ಬಂದಳು. ಮಂಚದ ಮೇಲೆ ಕಂಬಳಿ ತಲೆತನಕ ಹೊದ್ದ ಆಕೃತಿ ಉಸಿರು ಬಿಗಿಹಿಡಿದು ನಿದ್ದೆ ನಟಿಸುತ್ತಿತ್ತು. ಕಂಬಳಿಯಾಚೆ ಉಳಿದ ತಣ್ಣನೆಯ ಪಾದಗಳನ್ನು ಅವಳು ಮೆಲ್ಲಗೆ ಮುಚ್ಚಿದಳು.

ಹಬ್ಬಕ್ಕೆ ಬಾರದ ಯಂತ್ರದ ಬದಲು ಅದರ ಕಾಗದಕ್ಕೇ ಪೂಜೆ ಸಲ್ಲಲೆಂದು ಕದ್ದಿಟ್ಟ ಕಳ್ಳಿಯ ಹೆಸರು ಬೊಳ್ಳಮ್ಮ.