ಸುವರ್ಣಕ್ಕನ ಹೆಬ್ಬೆಟ್ಟು

ನಾನು ಒಂದು ಇಂಕ್ ಪ್ಯಾಡ್. ಹುಟ್ಟಿದ್ದೇ ಏಟು ತಿಂದು. ಕಾರ್ಖಾನೆಯ ಯಂತ್ರ ಒಂದೇ ಗುದ್ದಿಗೆ ತಗಡನ್ನು ಡಬ್ಬಿ ಮಾಡಿತು. ಒಳಗೆ ಬಟ್ಟೆ ತುರುಕಿ, ನೇರಳೆ ಶಾಯಿ ಕುಡಿಸಿದರು. ಮನುಷ್ಯರ ಮುಖಕ್ಕಿಂತ ಹೆಬ್ಬೆರಳೇ ನನಗೆ ಹೆಚ್ಚು ಪರಿಚಯ.

ಗದುಗಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಕೂತು ಪತ್ರ ಬರೆಯುವ ಬಳಿಗಾರರು ನನ್ನನ್ನು ಕೊಂಡರು. ಅವರ ಮೇಜಿಗೆ ಒಂದು ದಿನ ನಿಂಬೆವ್ವ ಎಂಬ ಮುದುಕಿ ಬಂದಳು. ರೊಟ್ಟಿ ಬಡಿದು ಬಡಿದು ಗೆರೆಗಳೇ ಸವೆದ ಹೆಬ್ಬೆಟ್ಟು. ಬಳಿಗಾರರು ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅವಸರಿಸದೆ ಮೂರು ಸಲ ಒತ್ತಿಸಿದರು. ಬ್ಯಾಂಕಿನಲ್ಲಿದ್ದ ನಾಲ್ಕು ಲಕ್ಷವನ್ನು ಅಕ್ಕನ ಮಗಳು ಸುವರ್ಣಾಳಿಗೆ ಬಿಟ್ಟ ಉಯಿಲು ಅದು.

ಮುದುಕಿ ತೀರಿಕೊಂಡ ಆರು ತಿಂಗಳಿಗೆ ಸುವರ್ಣಕ್ಕ ಬಂದಳು. ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸುವವಳು. ಗಂಡ ಆಸ್ಪತ್ರೆಯಲ್ಲಿದ್ದಾಗ ಕ್ರೆಡಿಟ್ ಕಾರ್ಡ್ ಉಜ್ಜಿದ್ದಳು. ಅವನು ಹೋದ ಮೇಲೆ ಒಂಬತ್ತು ವರ್ಷ ಒಂದು ಕಂತೂ ಕಟ್ಟಲಾಗಿರಲಿಲ್ಲ.

"ಚಿಗವ್ವನ ರೊಕ್ಕಾ ಜಪ್ತಿ ಮಾಡ್ತೀವಿ ಅಂತಾರ್ರಿ ವಸೂಲಿಯವ್ರು. ಖರೇನ?"

"ಹಂಗ ಕೈ ಹಾಕಾಕ ಬರೂದಿಲ್ಲವಾ," ಎಂದರು ಬಳಿಗಾರರು. "ನಿನ್ನ ಖಾತೆಗೆ ಬಂದ ಮ್ಯಾಲೆ ಅದು ನಿಂದ. ಮುಟ್ಟಬೇಕಂದ್ರ ಕೋರ್ಟಿನ ಹುಕುಂ ಬೇಕು. ಕಾರ್ಡಿನ ಬ್ಯಾಂಕಿನವ್ರು ಮೂರು ವರ್ಷದಾಗ ದಾವೆ ಹಾಕಬೇಕಿತ್ತು, ಹಾಕಲಿಲ್ಲ, ಮುದ್ದತು ಮುಗದೈತಿ. ಆದ್ರ ಈಗ ನೀನಾಗಿ 'ಕೊಡ್ತೀನಿ' ಅಂತ ಸಹಿ ಮಾಡಿದ್ಯೋ, ಸತ್ತ ಸಾಲ ಎದ್ದು ಕುಂದರತೈತಿ. ಸಹಿ ಒಂದು ಮಾಡಬ್ಯಾಡ."

ಮರುದಿನವೇ ವಸೂಲಿಯ ಹೇಮಂತ ಬಂದು, ಅಂಥದೇ ಒಪ್ಪಿಗೆ ಪತ್ರ ಬರೆಯಲು ಹೇಳಿದ. ಬಳಿಗಾರರು ಒಲ್ಲೆ ಎಂದರು. ಅವನು ಮೇಜಿಗೆ ಒದ್ದ. ಮುದುಕ ಬಳಿಗಾರರು ಮೇಜಿನೊಂದಿಗೇ ಉರುಳಿದರು, ಹಣೆ ಒಡೆಯಿತು.

"ಬರಿಯಾಕ ನೀನ ಬೇಕೇನು? ಸಹಿ ಮಾಡದಿದ್ರ ಹೆಬ್ಬೆಟ್ಟು ಒತ್ತಸ್ತೀನಿ," ಎಂದು ನನ್ನನ್ನು ಜೇಬಿಗೆ ಹಾಕಿಕೊಂಡ.

ಬೇರೆಲ್ಲೋ ಪತ್ರ ಬರೆಸಿಕೊಂಡು, ಊಟದವರೆಲ್ಲ ಹೋದ ಹೊತ್ತಿಗೆ ಖಾನಾವಳಿಗೆ ನುಗ್ಗಿದ. ಗಂಗಾಳಗಳನ್ನು ತೂರಿದ. ಹಿಟ್ಟಿನ ಡಬ್ಬಿಯನ್ನು ಗೋಡೆಗೆ ಬಡಿದ. ಸುವರ್ಣಕ್ಕನ ಜಡೆ ಹಿಡಿದು ಗಲ್ಲಾದ ಮುಂದೆ ಕೂರಿಸಿ, ಕೈಗೆ ಪೆನ್ನು ತುರುಕಿದ. ಅವಳು ಅದನ್ನು ಸಾರಿನ ಪಾತ್ರೆಗೆ ಎಸೆದಳು.

"ತಗೋ, ಸಾರಿನ ಕಡಿಂದ ಸಹಿ ಮಾಡಸ್ಕೋ!"

ಅವನು ಅವಳ ಬಲಗೈಯನ್ನು ಗಲ್ಲಾದ ಒಳಗೆ ತುರುಕಿ ಡ್ರಾಯರ್ ಬಡಿದ. ಎರಡು ಬೆರಳು ಮುರಿದ ಸದ್ದು ನನಗೆ ಕೇಳಿತು. ಆಮೇಲೆ ಅವಳ ಎಡಗೈ ತಿರುಚಿ, ಹೆಬ್ಬೆರಳನ್ನು ನನ್ನೊಳಗೆ ಅದುಮಿದ. ನನ್ನ ಬಟ್ಟೆ ಹರಿದು, ಶಾಯಿ ಅವನ ಅಂಗೈಗೆಲ್ಲ ಹತ್ತಿತು. ನಿಂಬೆವ್ವ ಕೊಟ್ಟದ್ದನ್ನು ಕಸಿಯಲು ನಾನೇ ಬೇಕಾಯಿತೆ? ಹೆಬ್ಬೆಟ್ಟನ್ನು ಪತ್ರಕ್ಕೆ ಒತ್ತಿಸುವಾಗ ಸುವರ್ಣಕ್ಕ ಅವನ ಮಣಿಕಟ್ಟನ್ನು ರಕ್ತ ಬರುವಂತೆ ಕಚ್ಚಿದಳು. ಅವನು ಪತ್ರದೊಂದಿಗೆ ಓಡಿದ. ನಾನು ಒಲೆಯ ಬೂದಿಯಲ್ಲಿ ಬಿದ್ದೆ.

ಹಣೆಗೆ ಪಟ್ಟಿ ಕಟ್ಟಿಕೊಂಡ ಬಳಿಗಾರರು ಠಾಣೆಗೆ ಹೋಗಿ ದೂರು ಕೊಟ್ಟರು. ಸಂಜೆಗೆ ಪಿಎಸ್ಐ ಮೇಡಂ ಹೇಮಂತನನ್ನು ಹಿಡಿದು ಖಾನಾವಳಿಗೇ ತಂದರು.

"ತಾನ ಒಪ್ಪಿ ಹೆಬ್ಬೆಟ್ಟು ಒತ್ತ್ಯಾಳ್ರಿ," ಎಂದು ಅವನು ಪತ್ರ ಚಾಚಿದ.

ಮೇಡಂ ಬಾಗಿಲ ಬಳಿಯ ಕರಿಹಲಗೆ ನೋಡುತ್ತಿದ್ದರು. ಬೆಳಿಗ್ಗೆ ಬರೆದದ್ದು: ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳು ಪಲ್ಯ.

"ಇದನ್ನ ಯಾರು ಬರದಾರ?"

"ನಾನ ರೀ," ಎಂದಳು ಸುವರ್ಣಕ್ಕ, ಬಾತ ಕೈಯನ್ನು ಎದೆಗೆ ಹಿಡಿದುಕೊಂಡು.

"ಇಷ್ಟು ಚಂದ ಬರಿಯಾಕಿ ಹೆಬ್ಬೆಟ್ಟು ಯಾಕ ಒತ್ತ್ಯಾಳೋ? ಅಂಗೈ ತೆಗಿ."

ನೇರಳೆ ಅಂಗೈ. ಮಣಿಕಟ್ಟಿನಲ್ಲಿ ಹಲ್ಲಿನ ಗುರುತು.

ನನ್ನನ್ನು ಬಟ್ಟೆಯಲ್ಲಿ ಹೊಲಿದು, ಅರಗು ಹಾಕಿ, ಸಾಕ್ಷ್ಯದ ವಸ್ತುಗಳನ್ನು ಇಡುವ ಕೋರ್ಟಿನ ಮುದ್ದೆಮಾಲು ಕೋಣೆಗೆ ಒಯ್ದರು. ಸಾಕ್ಷಿಯ ದಿನ ಹೊರಗೆ ತಂದಾಗ ಗುಮಾಸ್ತ ಸುವರ್ಣಕ್ಕನನ್ನು ಕೇಳುತ್ತಿದ್ದ, "ಬೆರಳು ಸೊಟ್ಟ ಅದಾವಲ್ಲ, ಹೆಬ್ಬೆಟ್ಟು ಒತ್ತೀಯೇನವಾ?"

"ಸಹಿ ಮಾಡ್ತೀನ್ರಿ."

ಪೆನ್ನು ಬಹಳ ಹೊತ್ತು ಕೆರೆಯಿತು. ಯಾರೂ ಅವಸರ ಮಾಡಲಿಲ್ಲ.

ಈಗ ಮತ್ತೆ ಅದೇ ಕೋಣೆಯಲ್ಲಿದ್ದೇನೆ. ಶಾಯಿ ಒಣಗಿದೆ, ಯಾರ ಬೆರಳನ್ನು ಅದುಮಿದರೂ ಗುರುತು ಮೂಡದು. ಅಷ್ಟು ಸಾಕು ನನಗೆ.